ಗುಡ್ಡದ ಮನೆಯ ಹನ್ನೆರಡು ಹಾಸಿಗೆ

ಜನವರಿ 9

ಗುಬ್ಬಿ,

ಕಡೆಗೂ ನಿನ್ನ ಅಕ್ಕನಿಗೆ ತಲೆಯ ಮೇಲೊಂದು ಸೂರು ಸಿಕ್ಕಿತು. ಆಸ್ಪತ್ರೆಯವರು ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಮತ್ತೆ ಹೇಳಿಕಳಿಸಿದ್ದರು. ನಿವೃತ್ತಳಾದ ಮೇಲೂ ಎಷ್ಟು ದಿನ ಅಂತ ಮುಖ ಗಟ್ಟಿ ಮಾಡಿಕೊಂಡು ಕೂರುವುದು? ಅಷ್ಟರಲ್ಲಿ ಈ ಕೆಲಸ ಬಂತು. ಊರಾಚೆಯ ಗುಡ್ಡದ ಮೇಲೆ ಮಂತ್ರಿಗಳು ತಮ್ಮ ತಾಯಿಯ ಹೆಸರಿನ ಪ್ರತಿಷ್ಠಾನದಿಂದ ಆರೈಕೆ ಮನೆಯೊಂದನ್ನು ಕಟ್ಟಿಸಿದ್ದಾರೆ. ದೊಡ್ಡ ಆಸ್ಪತ್ರೆಗೆ ದೂರದಿಂದ ಬಂದ ಬಡವರು ಹಾಸಿಗೆ ಸಿಗುವ ತನಕ ವರಾಂಡದಲ್ಲಿ ಬಿದ್ದಿರುತ್ತಾರಲ್ಲ, ಇನ್ನು ಮೇಲೆ ಅವರು ಇಲ್ಲಿ ಉಳಿಯಬಹುದು. ಪ್ರತಿಷ್ಠಾನದ ವ್ಯಾನೇ ಅವರನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗಿ ಬರುತ್ತದೆ. ದಾನಿಗಳು ಧಾರಾಳವಾಗಿ ಕೊಟ್ಟಿದ್ದಾರಂತೆ. ಮನೆಯ ಮೇಲ್ವಿಚಾರಕಿ ನಾನು. ನಗಬೇಡ.

ಮಂತ್ರಿಗಳೇ ನನ್ನನ್ನು ಕೂರಿಸಿಕೊಂಡು ಮಾತಾಡಿದರು. "ನಮ್ಮಮ್ಮ ಆಸ್ಪತ್ರೆ ವರಾಂಡದಲ್ಲೇ ಹೋಗಿಬಿಟ್ಳು, ಸಿಸ್ಟರ್. ಒಂದು ಹಾಸಿಗೆ ಸಿಗಲಿಲ್ಲ. ಇನ್ಯಾರಿಗೂ ಹಾಗಾಗಬಾರದು" ಎಂದು ಹೇಳುವಾಗ ಅವರ ಕಣ್ಣು ತುಂಬಿತು. ನನ್ನದೂ ತುಂಬಿತು. ಇಡೀ ಊರು ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತದೆ. ಅಕ್ಕ ಎಂದು ಕರೆಯುವವಳು ನೀನೊಬ್ಬಳೇ ಎಂದು ಆಗ ಯಾಕೋ ನೆನಪಾಯಿತು.

ಕೆಳಗಿನ ಹಾಲ್‌ನಲ್ಲಿ ಹನ್ನೆರಡು ಮಂಚ, ಹನ್ನೆರಡೂ ಹೊಸವು. ಎಲ್ಲವನ್ನೂ ನಾನೇ ಹಾಸಿದೆ. ನೀನು ಚಿಕ್ಕವಳಿದ್ದಾಗ ನನಗೆ ಊಟ ತರಲು ವಾರ್ಡಿಗೆ ಬರುತ್ತಿದ್ದೆಯಲ್ಲ, ತಲೆಕಡೆಗೆ ಮಡಚಿಟ್ಟ ಒಂದು ಹಾಸಿಗೆ ನೋಡಿ "ಇವರು ಮನೆಗೆ ಹೋದ್ರಾ ಅಕ್ಕ?" ಎಂದು ಕೇಳಿದ್ದೆ. ನಾನು ಹೂಂ ಎಂದಿದ್ದೆ. ರೋಗಿ ತೀರಿಕೊಂಡರೆ ಹಾಸಿಗೆಯನ್ನು ಹಾಗೆ ಮಡಚಿ, ಮಂಚದ ಕಬ್ಬಿಣ ಕಾಣುವಂತೆ ಒಂದು ರಾತ್ರಿ ಬಿಡುವುದು ನಮ್ಮ ವಾರ್ಡಿನ ಪದ್ಧತಿ ಎಂದು ನಿನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಕೆಲಸ ಮಾಡಿ ಮಾಡಿ ನನಗೆ ಸಾಕಾಗಿತ್ತು. ಇಲ್ಲಿ ಬಿಚ್ಚಿ ಹಾಸುವ ಕೆಲಸವಷ್ಟೇ.

ಮೇಲಿನ ಮಹಡಿ ನಾನಿನ್ನೂ ನೋಡಿಲ್ಲ. ಕೆಲಸ ನಡೆದಿದೆ, ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ. ಲಿಫ್ಟಿನ ಬೀಗದ ಕೈ ಮಂತ್ರಿಗಳ ಅಳಿಯಂದಿರ ಹತ್ತಿರ ಇದೆ, ಪ್ರತಿಷ್ಠಾನದ ಕಾರ್ಯದರ್ಶಿ ಅವರೇ. ಹಿಂದುಗಡೆ ನೀಲಿ ಟೈಲ್ಸ್‌ನ ಒಂದು ಈಜುಕೊಳವಿದೆ. ಕೈಕಾಲು ಸ್ವಾಧೀನವಿಲ್ಲದವರಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸಲು ಇರಬೇಕು. ಎಷ್ಟು ದೂರ ಯೋಚಿಸಿದ್ದಾರೆ ನೋಡು!

ನಿನ್ನ ಯಜಮಾನರು, ಆ ಬಣ್ಣದ ಸಾಹುಕಾರರು, ಹೇಗಿದ್ದಾರೆ? ಇನ್ನೂ ಲಾರಿಗಳಿಗೆ ಬಣ್ಣ ಹೊಡೆದು ಮೂಗಿನ ತುದಿಯಲ್ಲಿ ಹಸಿರು ಹಚ್ಚಿಕೊಂಡೇ ಊಟಕ್ಕೆ ಕೂರುತ್ತಾರಾ?

ನಿನ್ನ ಅಕ್ಕ


ಜನವರಿ 24

ಅಕ್ಕ,

ನಿನ್ನ ಪತ್ರವನ್ನು ಹೊಲಿಗೆ ಕೊಡಲು ಬಂದವರಿಗೆಲ್ಲ ಓದಿ ಹೇಳಿದೆ. ಒಬ್ಬಳಂತೂ ಅಳತೆ ಕೊಡುವುದನ್ನು ಮರೆತು ಕೇಳುತ್ತ ನಿಂತಳು. ಇಷ್ಟು ವರ್ಷ ಯಾರ್ಯಾರದೋ ಹೊಲಸು ಬಳಿದೆ, ಈಗಲಾದರೂ ನಿನಗೊಂದು ಒಳ್ಳೆಯ ಜಾಗ ಸಿಕ್ಕಿತಲ್ಲ.

ನಿನ್ನ ಸಾಹುಕಾರರು ಹಾಗೇ ಇದ್ದಾರೆ. ಮೂಗು ಈಗ ಕೆಂಪು, ಯಾವುದೋ ಬಸ್ಸಿಗೆ ಕೆಂಪು ಹೊಡೆಯುತ್ತಿದ್ದಾರೆ. "ಅಕ್ಕನ ಮನೆಗೆ ಬೋರ್ಡ್ ಬೇಕಿದ್ರೆ ಹೇಳು, ಬಿಟ್ಟಿಯಾಗಿ ಬರ್ಕೊಡ್ತೀನಿ" ಎನ್ನುತ್ತಾರೆ. ಈಚೆಗೆ ಒಂದು ವಿಚಿತ್ರ ಅಭ್ಯಾಸ ಶುರುವಾಗಿದೆ. ಮಲಗಿದರೆ ನಿದ್ದೆ ಬರುವುದಿಲ್ಲವಂತೆ. ಕುರ್ಚಿಯಲ್ಲಿ ಕೂತು ನನ್ನ ಹೊಲಿಗೆ ಮೆಷಿನ್ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಾರೆ. ಮೆಷಿನ್ ಕಾಯಲು ಒಬ್ಬ ಕಾವಲುಗಾರ ಸಿಕ್ಕ ಎಂದು ನಾನು ತಮಾಷೆ ಮಾಡುತ್ತೇನೆ.

ರೋಗಿಗಳು ಬಂದರಾ? ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಎಂದು ಬರಿ. ನೀನು ಹೇಳಿದರೆ ಮುಖವೇ ಕಣ್ಣಿಗೆ ಕಟ್ಟುತ್ತದೆ.

ಗುಬ್ಬಿ


ಫೆಬ್ರವರಿ 27

ಗುಬ್ಬಿ,

ಬರೆಯುವುದು ತಡವಾಯಿತು, ಕೆಲಸ. ಬಂದಿದ್ದಾರೆ, ಬಂದಿದ್ದಾರೆ! ನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಅಜ್ಜ, ಹೊದಿಕೆಯನ್ನು ಕಾಲಕಡೆ ನೀಟಾಗಿ ಮಡಚಿಟ್ಟು ಚಳಿಯಲ್ಲಿ ನಡುಗುತ್ತ ಮಲಗುತ್ತಾರೆ. ಯಾಕೆ ಎಂದರೆ "ಹೊಸದು, ಕೊಳೆಯಾಗತ್ತೆ" ಎನ್ನುತ್ತಾರೆ. ಏಳರಲ್ಲಿರುವ ಹೆಂಗಸು ಎಡಗಡೆಗೆ ಮುದುರಿಕೊಂಡೇ ಇರುತ್ತಾಳೆ, ದಿಂಬಿನ ಕೆಳಗೆ ಮಗನ ಸಣ್ಣ ಅಂಗಿ. ಹನ್ನೊಂದರವರಿಗೆ ಉಸಿರಿನ ತೊಂದರೆ. ಮೂರು ದಿಂಬು ಒರಗಿಸಿ, ಒಂದನ್ನು ತೊಡೆಯ ಮೇಲಿಟ್ಟು ಕೂರಿಸಬೇಕು.

ನಿನ್ನ ಯಜಮಾನರ ನಿದ್ದೆಯ ಕಥೆ ಓದಿ ನಕ್ಕೆ. ಮದುವೆಯ ದಿನವೂ ಕೂತಲ್ಲೇ ತೂಕಡಿಸಿದ ಪುಣ್ಯಾತ್ಮರಲ್ಲವೇ!

ಅಕ್ಕ


ಮಾರ್ಚ್ 15

ಗುಬ್ಬಿ,

ಇದನ್ನು ಅಂಚೆಗೆ ಹಾಕುವ ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ, ಯಾರಿಗಾದರೂ ಹೇಳದಿದ್ದರೆ ತಲೆ ಕೆಡುತ್ತದೆ.

ಇಲ್ಲಿಗೆ ಯಾರೂ ಬಂದಿಲ್ಲ. ಒಬ್ಬರೂ ಇಲ್ಲ. ಕಳೆದ ಪತ್ರದಲ್ಲಿ ನಾನು ಬರೆದ ಅಜ್ಜ, ಆ ಹೆಂಗಸು, ಉಸಿರಿನ ರೋಗಿ ಎಲ್ಲರೂ ನಮ್ಮ ಹಳೆಯ ವಾರ್ಡಿನವರು. ಮೂವರ ಹಾಸಿಗೆಯನ್ನೂ ನಾನೇ ಮಡಚಿದ್ದೆ. ನೀನು ಊರಿಗೆಲ್ಲ ಓದಿ ಹೇಳಿದ್ದೀಯಲ್ಲ, ಖಾಲಿ ಮನೆ ಕಾಯುತ್ತಿದ್ದೇನೆ ಎಂದು ಬರೆಯಲು ನಾಚಿಕೆಯಾಯಿತು.

ಮೇಲಿನ ಮಹಡಿಯಲ್ಲಿ ಮಂತ್ರಿಗಳ ಮಗಳ ಸಂಸಾರವಿದೆ. ಕೊಳದಲ್ಲಿ ಅಳಿಯಂದಿರು ಈಜುತ್ತಾರೆ. ತಾಯಿಯ ಚಿತ್ರ ಅಂಟಿಸಿದ ರೋಗಿಗಳ ವ್ಯಾನು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತದೆ. ಮೊನ್ನೆ ಅದೇ ವ್ಯಾನಿನಿಂದ ಸೋಫಾ ಇಳಿಸಿದರು. "ರೋಗಿಗಳು ಯಾವಾಗ ಬರ್ತಾರೆ ಸಾರ್?" ಎಂದು ಅಳಿಯಂದಿರನ್ನು ಕೇಳಿದೆ. "ಮೇಲಿನ ಕೆಲಸ ಮುಗೀಲಿ ಸಿಸ್ಟರ್, ನಿಮಗ್ಯಾಕೆ ಅವಸರ? ಸಂಬಳ ಸರಿಯಾಗಿ ಬರ್ತಿದೆ ತಾನೇ?" ಎಂದರು. ಬರುತ್ತಿದೆ. ನನ್ನ ಬಾಯಿಗೆ ಬಿದ್ದಿರುವ ಬೀಗ ಅದೇ. ಇಲ್ಲಿಂದ ಹೊರಬಿದ್ದರೆ ನಾನು ಎಲ್ಲಿಗೆ ಹೋಗಲಿ?

ಕಳೆದ ವಾರ ದಾನಿಗಳು ನೋಡಲು ಬಂದರು. ಅಂದು ಬೆಳಗ್ಗೆ ಅಳಿಯಂದಿರು ಹಾಲ್‌ಗೆ ಬಂದು "ಇದೇನು ಸಿಸ್ಟರ್, ಅಂಗಡಿ ಥರ ಇದೆ. ಸ್ವಲ್ಪ ಮಲಗೆದ್ದ ಹಾಗೆ ಮಾಡಿ. ಎಲ್ರೂ ಚಿಕಿತ್ಸೆಗೆ ಹೋಗಿದಾರೆ ಅಂತ ನಾನು ಹೇಳ್ತೀನಿ" ಎಂದರು. ನಾನು ಮಾಡಿದೆ. ಸುಮ್ಮನೆ ಕೈಯಾಡಿಸಿ ಚಾದರ ಕೆಡಿಸಬಹುದಿತ್ತು. ಆದರೆ ಈ ಕೈಗೆ ಅದು ಬರುವುದಿಲ್ಲ. ಹಾಸಿಗೆ ಎಂದರೆ ಅದರಲ್ಲಿ ಒಬ್ಬರು ಇರಬೇಕು. ನಾಲ್ಕರಲ್ಲಿ ಅಜ್ಜನ ಹಾಗೆ ಹೊದಿಕೆ ಮಡಚಿಟ್ಟೆ. ಏಳರಲ್ಲಿ ಎಡಗಡೆ ಮಲಗೆದ್ದು ಮೈಯ ಗುರುತು ಮೂಡಿಸಿದೆ. ಹನ್ನೊಂದರಲ್ಲಿ ದಿಂಬು ಒರಗಿಸಿದೆ. ಹೀಗೆ ಹನ್ನೆರಡು ಜನ ನನ್ನ ಕೈಯಿಂದ ಎದ್ದು ಬಂದರು.

ದಾನಿಗಳಲ್ಲಿ ಒಬ್ಬ ವಯಸ್ಸಾದ ಅಮ್ಮ ಇದ್ದರು, ಬಟ್ಟೆ ಅಂಗಡಿಯ ಒಡತಿ. ಗಂಡ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಇಲ್ಲಿಗೆ ಕೊಟ್ಟಿದ್ದಾರೆ. ಅವರು ಏಳನೇ ಹಾಸಿಗೆಯ ತಗ್ಗಿನಲ್ಲಿ ಅಂಗೈ ಇಟ್ಟು "ಇನ್ನೂ ಬೆಚ್ಚಗಿದೆ" ಎಂದು ಕಣ್ಣೊರೆಸಿಕೊಂಡರು. ನಾನು ಅಲ್ಲಿ ಮಲಗೆದ್ದು ತುಂಬ ಹೊತ್ತಾಗಿತ್ತು, ಗುಬ್ಬಿ. ಅವರು ಹೋದ ಮೇಲೆ ನಾನೂ ಮುಟ್ಟಿ ನೋಡಿದೆ. ಬೆಚ್ಚಗೇ ಇತ್ತು.

ಅಂದಿನಿಂದ ಆ ಹಾಸಿಗೆಗಳನ್ನು ಸರಿಮಾಡಲು ನನಗೆ ಕೈ ಬರುತ್ತಿಲ್ಲ. ಮಾಡಿದರೆ ಅವರನ್ನು ಎಬ್ಬಿಸಿ ಕಳಿಸಿದ ಹಾಗೆ ಅನ್ನಿಸುತ್ತದೆ. ಹನ್ನೆರಡು ಲೋಟದಲ್ಲಿ ನೀರು ಇಡುತ್ತೇನೆ. ಮಟಮಟ ಮಧ್ಯಾಹ್ನ, ಮೇಲೆ ಎಲ್ಲರೂ ಹೊರಗೆ ಹೋಗಿರುವಾಗ, ಹನ್ನೊಂದನೇ ಹಾಸಿಗೆಯಿಂದ ಕೆಮ್ಮು ಕೇಳುತ್ತದೆ. ಅದು ಎದೆಯ ಬುಡದಿಂದ ಬರುವ ಕೆಮ್ಮು, ನನಗೆ ಗುರುತು ಸಿಗುತ್ತದೆ. "ಬಂದೆ, ಬಂದೆ" ಎನ್ನುತ್ತ ಓಡಿ ಹೋಗುತ್ತೇನೆ. ಯಾರೂ ಇರುವುದಿಲ್ಲ.

ಕಳಿಸುವುದಿಲ್ಲ ಇದನ್ನು. ಓದಿದರೆ ನೀನು ಅಳುತ್ತೀಯ.


ಏಪ್ರಿಲ್ 6

ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ಇವರು ಸ್ವಲ್ಪ ದಿನದಿಂದ ಕೆಲಸಕ್ಕೆ ಹೋಗುತ್ತಿಲ್ಲ, ವಿಶ್ರಾಂತಿ ಎಂದುಕೋ. ಪಕ್ಕದ ಮನೆಯವರಿಗೆ ಒಂದು ವಿಷಯ ಬೇಕಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಡಾಕ್ಟರನ್ನು ಕಾಣಲು ಯಾವ ಬಾಗಿಲಿನಿಂದ ಹೋಗಬೇಕು? ಉಳಿಯಲು ಎಲ್ಲಾದರೂ ಜಾಗ ಸಿಗುತ್ತದೆಯೇ? ನಿನ್ನ ಮನೆ ನೆನಪಾಯಿತು. ಹನ್ನೆರಡೂ ತುಂಬಿವೆಯಾ? ಸುಮ್ಮನೆ ಕೇಳಿದೆ.

ನಾಲ್ಕನೇ ಹಾಸಿಗೆಯ ಅಜ್ಜನನ್ನು ಇವರು ಪತ್ರ ಬಂದ ದಿನದಿಂದಲೂ ನೆನೆಸಿಕೊಳ್ಳುತ್ತಾರೆ. "ಪಾಪ, ಹೊದ್ಕೊಳ್ಳೋಕ್ ಹೇಳು ಅಂತ ಅಕ್ಕನಿಗೆ ಬರಿ" ಎಂದರು. ಬರೆದಿದ್ದೇನೆ.

ಗುಬ್ಬಿ


ಏಪ್ರಿಲ್ 13

ಗುಬ್ಬಿ,

ತುಂಬಿದೆ ಮಾರಾಯ್ತಿ, ಕಾಲಿಡಲೂ ಜಾಗವಿಲ್ಲ. ನಿನ್ನ ಪಕ್ಕದ ಮನೆಯವರಿಗೆ ಬೇರೆ ಏನಾದರೂ ದಾರಿ ನೋಡಿಕೊಳ್ಳಲು ಹೇಳು. ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ, ಲಾಂಡ್ರಿಯ ಪಕ್ಕದಲ್ಲಿ ಹೋಗಬೇಕು. ಮುಂಬಾಗಿಲಲ್ಲಿ ನಿಂತರೆ ದಿನವೆಲ್ಲ ಕಾಯಿಸುತ್ತಾರೆ.

ಒಂದು ಮಾತು ಮುಖ್ಯ. ರೋಗಿ ಮಲಗಿದರೆ ಉಸಿರು ಕಟ್ಟುತ್ತದೆಯೇ, ಕೂತೇ ನಿದ್ದೆ ಮಾಡುತ್ತಾರೆಯೇ ಕೇಳು. ಹೌದು ಎಂದರೆ ಒಂದು ದಿನವೂ ತಡಮಾಡಬಾರದು. ತಣ್ಣನೆಯ ನೆಲದ ಮೇಲೆ ಅವರನ್ನು ಯಾವ ಕಾರಣಕ್ಕೂ ಮಲಗಿಸಬಾರದು. ಒಂದು ಒಳ್ಳೆಯ ಹಾಸಿಗೆ, ನಾಲ್ಕು ದಿಂಬು ಇದ್ದರೆ ಅರ್ಧ ಗೆದ್ದ ಹಾಗೆ.

ಅಜ್ಜ ಹೊದ್ದುಕೊಂಡರು ಎಂದು ನಿನ್ನ ಯಜಮಾನರಿಗೆ ಹೇಳು.

ಅಕ್ಕ


ಮೇ 20

ಅಕ್ಕ,

ಇವರು ಹೋಗಿಬಿಟ್ಟರು.

ಪಕ್ಕದ ಮನೆಯವರು ಯಾರೂ ಇರಲಿಲ್ಲ. ರೋಗಿ ಇವರೇ. ನಿನ್ನ ಪತ್ರ ಬಂದ ಮರುದಿನವೇ ಹೊರಟೆವು. ನೀನು ಹೇಳಿದ ಲಾಂಡ್ರಿಯ ಪಕ್ಕದ ಬಾಗಿಲಿನಿಂದಲೇ ಹೋದೆವು. ನೋಡಿದರು, ಔಷಧಿ ಕೊಟ್ಟರು, ಹಾಸಿಗೆ ಖಾಲಿಯಾಗುವ ತನಕ ವರಾಂಡದಲ್ಲಿ ಇರಿ ಎಂದರು. ಮೂಲೆಯ ಕಂಬಕ್ಕೆ ಇವರನ್ನು ಒರಗಿಸಿಕೊಂಡು ಕೂತೆ. ದಿಂಬಿರಲಿಲ್ಲ, ನನ್ನ ಬಟ್ಟೆಯ ಗಂಟನ್ನೇ ತೊಡೆಯ ಮೇಲಿಟ್ಟೆ.

ನೀನು ಅದೇ ಊರಿನಲ್ಲಿದ್ದೆ ಎಂದು ನನಗೆ ಗೊತ್ತಿರಲಿಲ್ಲವೇ? ಆ ಕಂಬದ ಹತ್ತಿರ ಕೂತರೆ ಗುಡ್ಡದ ಮನೆ ನೇರ ಕಾಣುತ್ತದೆ. ಸಂಜೆಯಾದರೆ ಸಾಲಾಗಿ ದೀಪ. ಇವರಿಗೆ ತೋರಿಸಿದೆ. ಅಕ್ಕನನ್ನು ಕರೆಯುತ್ತೇನೆ ಎಂದರೆ ಬಿಡಲಿಲ್ಲ. "ನಿಮ್ಮಕ್ಕ ಬಂದ್ರೆ ನನಗೆ ಹಾಸಿಗೆ ಕೊಡದೆ ಇರ್ತಾರಾ? ಅದಕ್ಕೆ ಯಾರನ್ನ ಎಬ್ಬಿಸ್ತಾರೆ? ಆ ಅಜ್ಜನ್ನಾ? ಸುಮ್ನಿರು, ನಮ್ಮ ಸರದಿ ಬರತ್ತೆ" ಎಂದರು. ನನಗೂ ಅದು ಸರಿ ಅನ್ನಿಸಿತು. ಅಕ್ಕನನ್ನು ಧರ್ಮಸಂಕಟಕ್ಕೆ ಸಿಕ್ಕಿಸುವುದು ಬೇಡ ಎಂದುಕೊಂಡೆ. ಎಂಥ ಒಳ್ಳೆಯತನ ನಮ್ಮದು, ಅಲ್ಲವಾ?

ಆಮೇಲೆ ಗಾಳಿ ಮಳೆ ಶುರುವಾಯಿತು. ನೆಲವೆಲ್ಲ ಒದ್ದೆ. ಒಂದು ಬೆಳಗ್ಗೆ ಇವರ ತುಟಿ ನೀಲಿಯಾಗಿತ್ತು. ಆಗ ನಾನು ಇವರ ಮಾತು ಕೇಳಲಿಲ್ಲ. ಔಷಧಿ ಅಂಗಡಿಯವನಿಗೆ ಕೈಮುಗಿದು ನಿನ್ನನ್ನು ಕರೆತರಲು ಕಳಿಸಿದೆ. ಅವನು ಒಬ್ಬನೇ ವಾಪಸ್ ಬಂದ. ಗೇಟಿನವನು ಹೇಳಿದನಂತೆ: "ಇಲ್ಲಿ ಯಾವ ರೋಗಿನೂ ಇಲ್ಲ, ಯಾವತ್ತೂ ಇರಲಿಲ್ಲ. ಇದು ಮಂತ್ರಿಗಳ ಮನೆ. ಇವತ್ತು ಮೊಮ್ಮಗನ ಹುಟ್ಟುಹಬ್ಬ, ಒಳಗೆ ಯಾರನ್ನೂ ಬಿಡಲ್ಲ."

ಆ ಮಾತನ್ನು ಇವರ ಮುಂದೆಯೇ ಹೇಳಿಬಿಟ್ಟ. ಇವರು ಗುಡ್ಡದ ಕಡೆಗೊಮ್ಮೆ ನೋಡಿದರು. ನನ್ನ ಕಡೆ ನೋಡಲಿಲ್ಲ. ಮಧ್ಯಾಹ್ನ ಹೋದರು.

ನಿಮ್ಮ ವಾರ್ಡಿನ ಪದ್ಧತಿ ನೆನಪಾಯಿತು. ಮಡಚಲು ಇವರಿಗೆ ಹಾಸಿಗೆಯೇ ಇರಲಿಲ್ಲ. ಚಾಪೆ ಸುತ್ತಿದೆ.

ಒಂದೇ ಒಂದು ಕೇಳುತ್ತೇನೆ. ನಾಲ್ಕನೇ ಹಾಸಿಗೆಯ ಆ ಅಜ್ಜ ಯಾರು, ಅಕ್ಕ?


ಜೂನ್ 18

ಗುಬ್ಬಿ,

ಇಷ್ಟು ದಿನ ಕೈ ಏಳಲಿಲ್ಲ. ಮಾರ್ಚ್‌ನಲ್ಲಿ ಬರೆದು ಕಳಿಸದೆ ಇಟ್ಟುಕೊಂಡಿದ್ದ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ಅಜ್ಜ ಯಾರು ಎಂಬುದು ಅದರಲ್ಲಿದೆ. ಅಂದೇ ಕಳಿಸಿದ್ದರೆ ನಿನ್ನ ಯಜಮಾನರು ಹನ್ನೊಂದನೇ ಹಾಸಿಗೆಯಲ್ಲಿ ಇರುತ್ತಿದ್ದರು. ಹಿಂಬಾಗಿಲಿನಿಂದಾದರೂ ಒಳಗೆ ತಂದು ಮಲಗಿಸುತ್ತಿದ್ದೆ. ಮಂತ್ರಿಗಳು ಕದ್ದದ್ದು ಊರಿನವರ ಹಾಸಿಗೆ. ನಿನ್ನವರ ಹಾಸಿಗೆಗೆ ಸುಳ್ಳು ರೋಗಿಯನ್ನು ಮಲಗಿಸಿದವಳು ನಾನು.

ಅವರು ಕೂತೇ ನಿದ್ದೆ ಮಾಡುತ್ತಾರೆ ಎಂದು ನೀನು ಜನವರಿಯಲ್ಲೇ ಬರೆದಿದ್ದೆ. ನಾನು ನಕ್ಕೆ. ಸಾವಿರ ಎದೆರೋಗಿಗಳನ್ನು ನೋಡಿದ ಕಣ್ಣು ನನ್ನದು, ನಕ್ಕುಬಿಟ್ಟೆ. ಹುಟ್ಟುಹಬ್ಬದ ದಿನ ನಾನು ಕೆಳಗಿನ ಹಾಲ್‌ನಲ್ಲೇ ಇದ್ದೆ, ಹನ್ನೆರಡು ಲೋಟಕ್ಕೆ ನೀರು ತುಂಬುತ್ತಿದ್ದೆ. ಮಧ್ಯಾಹ್ನ ಹನ್ನೊಂದರಿಂದ ಕೆಮ್ಮು ಕೇಳಿತು, ಆಮೇಲೆ ನಿಂತಿತು. ನಿಂತಿತಲ್ಲ ಎಂದು ಸಮಾಧಾನಪಟ್ಟೆ. ಅವತ್ತಿನಿಂದ ಅದು ಮತ್ತೆ ಕೇಳಿಸಿಲ್ಲ.

ಹೋದ ವಾರ ದಾನಿಗಳು ಮತ್ತೆ ಬರುವವರಿದ್ದರು. "ಕಳೆದ ಸಲದ ಹಾಗೇ ಮಾಡಿ ಸಿಸ್ಟರ್, ಬಹಳ ಚೆನ್ನಾಗಿತ್ತು" ಎಂದು ಅಳಿಯಂದಿರು ಹೇಳಿ ಹೋದರು. ನಾನು ಚಾದರಗಳನ್ನು ತೆಗೆದೆ. ಒಂದೊಂದೇ ಹಾಸಿಗೆಯನ್ನು ತಲೆಕಡೆಗೆ ಮಡಚಿದೆ, ಕಬ್ಬಿಣ ಕಾಣುವ ಹಾಗೆ. ಪ್ರತಿಯೊಂದಕ್ಕೂ ಇದ್ದವರ ಹೆಸರು ಹೇಳಿ ಮಡಚಿದೆ. ಹನ್ನೊಂದಕ್ಕೆ ನಿನ್ನವರ ಹೆಸರು ಹೇಳಿದೆ. ಅವರ ನಿಜವಾದ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಬದುಕಿನಲ್ಲಿ ಅದೊಂದೇ ಸಲ.

ಮಂತ್ರಿಗಳು ಎಲ್ಲರನ್ನೂ ಕರೆದುಕೊಂಡು ಒಳಗೆ ಬಂದರು. ಅಭ್ಯಾಸಬಲ, ಹಾಸಿಗೆ ನೋಡುವ ಮೊದಲೇ ತಾಯಿಯ ಕಥೆ ಶುರು ಮಾಡಿದ್ದರು. "ನಮ್ಮಮ್ಮ ವರಾಂಡದಲ್ಲೇ ಹೋಗಿಬಿಟ್ಳು, ಒಂದು ಹಾಸಿಗೆ..." ಎನ್ನುವಾಗ ಕಣ್ಣು ಮಂಚಗಳ ಮೇಲೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ವರಾಂಡದಲ್ಲಿ ಕೂತು ತಾಯಿಗೆ ಹಾಸಿಗೆ ಕಾದವರಲ್ಲವೇ, ವಾರ್ಡಿನೊಳಗೆ ಯಾವ ಹಾಸಿಗೆ ಯಾವಾಗ ಮಡಚುತ್ತಾರೆ ಎಂದು ಅವರು ಎಷ್ಟು ಸಲ ಇಣುಕಿ ನೋಡಿದ್ದರೋ. ಆ ಮುಖ ನೋಡಿ, ದೇವರಾಣೆ, ನನಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಕಥೆ ಸುಳ್ಳಲ್ಲ, ಗುಬ್ಬಿ. ಅದನ್ನು ನಿಜವಾಗಿಯೂ ಅನುಭವಿಸಿದ ಮನುಷ್ಯ ಇದನ್ನು ಮಾಡಿದ್ದು.

ಅಳಿಯಂದಿರು ಹಲ್ಲು ಕಿರಿದು "ಇವತ್ತು ಹಾಸಿಗೆ ಬಿಸಿಲಿಗೆ ಹಾಕೋ ದಿನ" ಎಂದರು. ಹೊರಗೆ ಮಳೆ ಸುರಿಯುತ್ತಿತ್ತು. ಆದರೂ ನಾಲ್ಕಾರು ಜನ ತಲೆಯಾಡಿಸಿದರು.

ಬಟ್ಟೆ ಅಂಗಡಿಯ ಅಮ್ಮ ಮಾತ್ರ ಏಳನೇ ಮಂಚದ ಹತ್ತಿರ ಹೋದರು. ಬರಿಗಬ್ಬಿಣ ಮುಟ್ಟಿದರು. ಗಂಡ ಹೋದ ದಿನ ಇದನ್ನೇ ನೋಡಿದವರು ಇರಬೇಕು. "ಅಯ್ಯೋ ಸಿಸ್ಟರ್, ಇಷ್ಟೂ ಜನಾನಾ? ಯಾವಾಗ ಹೋದ್ರು?" ಎಂದು ಕೇಳಿದರು.

"ಹೋಗೋಕೆ ಅವರು ಬರಲೇ ಇಲ್ಲಮ್ಮ" ಎಂದೆ.

ಅಮ್ಮ ನನ್ನನ್ನೂ ಮಂತ್ರಿಗಳನ್ನೂ ನೋಡಿದರು. ಲಿಫ್ಟಿನ ಬೀಗದ ಕೈ ಕೇಳಿದರು, ಅಳಿಯಂದಿರು ಕೊಡಲಿಲ್ಲ. "ನನಗೆ ಕಾಲಿದೆ" ಎಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ಕೆಲವರು ಹೋದರು, ಕೆಲವರು ಗಡಿಯಾರ ನೋಡಿಕೊಂಡು ಕಾರಿನ ಕಡೆ ಹೋದರು. ಮೇಲೆ ಏನಾಯಿತೋ ನಾನು ನೋಡಲಿಲ್ಲ. ಅಷ್ಟರಲ್ಲಿ ಗೇಟಿನವನು ನನ್ನ ಟ್ರಂಕನ್ನು ರಸ್ತೆಗೆ ಇಟ್ಟಾಗಿತ್ತು. ಆ ಅಮ್ಮ ದೂರು ಕೊಟ್ಟಿದ್ದಾರೆ, ವಿಚಾರಣೆ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ.

ಇದನ್ನು ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ, ನೀನು ಹೇಳಿದ ಮೂಲೆಯ ಕಂಬದ ಹತ್ತಿರ. ಹೌದು, ನೇರ ಕಾಣುತ್ತದೆ. ಈಗ ಆ ಮನೆಯಲ್ಲಿ ದೀಪವಿಲ್ಲ. ಹನ್ನೆರಡು ಜನ ಕತ್ತಲಲ್ಲಿ ನೀರಿಗೆ ಕಾಯುತ್ತಿರಬಹುದು ಎಂದು ಅನ್ನಿಸುತ್ತದೆ.

ಕ್ಷಮಿಸು ಎಂದು ಬರೆದು ನಾಲ್ಕು ಸಲ ಹೊಡೆದುಹಾಕಿದೆ.

ಅಕ್ಕ


ಜುಲೈ 2

ಅಕ್ಕ,

ಎರಡು ಪತ್ರವನ್ನೂ ಓದಿದೆ. ಯಾರಿಗೂ ಓದಿ ಹೇಳಲಿಲ್ಲ.

ನಾನು ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತು ಹೊಲಿಗೆ ಮೆಷಿನ್ ಮೇಲೆ ಯಾರೋ ತಲೆಯಿಟ್ಟ ಹಾಗೆ ಚಕ್ರ ಭಾರವಾಗುತ್ತದೆ. ನಿಲ್ಲಿಸಿ ಕಾಯುತ್ತೇನೆ. ನಿನಗೂ ಹೀಗೆ ಆಗುತ್ತದೆ ಎಂದು ಓದಿದ ಮೇಲೆ, ನನಗೆ ಹುಚ್ಚು ಹಿಡಿದಿಲ್ಲ ಎನ್ನುವುದಾದರೂ ಗೊತ್ತಾಯಿತು. ಇಲ್ಲಿ ಬೇರೆ ಯಾರಿಗೆ ಹೇಳಲಿ?

ಊರಿಗೆ ಬಂದ ದಿನವೇ ಇವರ ಹಾಸಿಗೆಯನ್ನು ತಲೆಕಡೆಗೆ ಮಡಚಿಟ್ಟೆ. ಒಂದು ರಾತ್ರಿ ಬಿಟ್ಟು ಬೆಳಗ್ಗೆ ಬಿಚ್ಚಬೇಕು ಎನ್ನುತ್ತಿದ್ದೆಯಲ್ಲ, ನನ್ನಿಂದ ಆಗುತ್ತಿಲ್ಲ. ಇವತ್ತಿಗೂ ಮಡಚಿಯೇ ಇದೆ. ಆ ಕೆಲಸ ಗೊತ್ತಿರುವುದು ನಿನಗೆ.

ಬಾ. ವರಾಂಡದಲ್ಲಿ ಮಲಗಬೇಡ, ನೆಲ ತಣ್ಣಗಿರುತ್ತದೆ.